ಟ್ರೋಲಿಂಗ್ ಮೋಟಾರಿನ ಬ್ಯಾಟರಿ ದಿನಪೂರ್ತಿ ಬರಬೇಕೆಂದರೆ

ಹೊಸ ಬ್ಯಾಟರಿ, ರಾತ್ರಿಯಿಡೀ ಚಾರ್ಜ್, ಆದರೂ ಮಧ್ಯಾಹ್ನದ ಹೊತ್ತಿಗೆ ಮೋಟಾರ್ ಸೋತು ನಿಲ್ಲುತ್ತದೆ. ಸಣ್ಣ ದೋಣಿಯನ್ನು ಬ್ಯಾಟರಿಯಿಂದ ಓಡಿಸುವ ಟ್ರೋಲಿಂಗ್ ಮೋಟಾರ್ ಕಟ್ಟಿಕೊಂಡು ಗಾಳ ಹಾಕುವವರಲ್ಲಿ ಇದು ತೀರಾ ಸಾಮಾನ್ಯವಾದ ದೂರು. ಇನ್ನೂ ದೊಡ್ಡ ಬ್ಯಾಟರಿ ಕೊಳ್ಳೋಣ ಎಂಬ ಯೋಚನೆ ಎಲ್ಲರಿಗೂ ಮೊದಲು ಬರುತ್ತದೆ. ಅದಕ್ಕೆ ದುಡ್ಡು ಹಾಕುವ ಮುಂಚೆ ನೋಡಬೇಕಾದ ಮೂರು ಜಾಗಗಳಿವೆ: ಸ್ಪೀಡ್ ನಾಬ್ ಎಲ್ಲಿದೆ, ಬ್ಯಾಟರಿಯಿಂದ ಮೋಟಾರಿನವರೆಗಿನ ತಂತಿ ಹೇಗಿದೆ, ಪ್ರೊಪೆಲ್ಲರ್ ಯಾವ ಸ್ಥಿತಿಯಲ್ಲಿದೆ. ಇವುಗಳಲ್ಲಿ ನಾಬ್‌ನ ಪಾಲೇ ದೊಡ್ಡದು. ಉಳಿದೆಲ್ಲವನ್ನೂ ಸರಿಮಾಡಿ ನಾಬ್ ಅನ್ನು ಮಾತ್ರ ಹತ್ತರಲ್ಲೇ ಇಟ್ಟುಕೊಂಡರೆ ಎಂಥ ಬ್ಯಾಟರಿಯೂ ಸಾಲುವುದಿಲ್ಲ.

ವೇಗ ಎಷ್ಟು ತಿನ್ನುತ್ತದೆ

ದೋಣಿಗೆ ನೀರು ಒಡ್ಡುವ ತಡೆ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆ ತಡೆಯನ್ನು ಮೀರಿ ಸಾಗಲು ಬೇಕಾದ ವಿದ್ಯುತ್ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು ಬೇಕು. ತಿರುಗಿಸಿ ನೋಡಿದರೆ ಲಾಭ ಕಾಣುತ್ತದೆ: ವೇಗವನ್ನು ಶೇ 30ರಷ್ಟು ಇಳಿಸಿದರೆ ಬೇಕಾಗುವ ಶಕ್ತಿ ಮೂರನೇ ಒಂದು ಭಾಗದ ಆಸುಪಾಸಿಗೆ ಬರುತ್ತದೆ.

55 ಪೌಂಡ್ ಥ್ರಸ್ಟ್‌ನ, ಅಂದರೆ ಅಷ್ಟು ತಳ್ಳುವ ಬಲದ, 12 ವೋಲ್ಟ್ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. 30 ಪೌಂಡ್‌ನದು ಸುಮಾರು 30 ಆಂಪಿಯರ್. ಪೂರ್ತಿ ವೇಗದಲ್ಲಿ ಪ್ರತಿ ಪೌಂಡ್‌ಗೆ ಒಂದು ಆಂಪಿಯರ್ ಅಥವಾ ಅದಕ್ಕಿಂತ ಚೂರು ಕಡಿಮೆ ಎಂದು ನೆನಪಿಟ್ಟುಕೊಂಡರೆ 12 ವೋಲ್ಟ್ ಮೋಟಾರುಗಳ ಅಂದಾಜು ಸಿಗುತ್ತದೆ. 55 ಪೌಂಡ್‌ನ ಆ ಮೋಟಾರಿನ ವೇಗವನ್ನು ಶೇ 70ಕ್ಕೆ ಇಳಿಸಿದಾಗ, ಮೋಟಾರಿನ ಒಳಗಿನ ನಷ್ಟವನ್ನೂ ಸೇರಿಸಿ, 20 ಆಂಪಿಯರ್ ಆಸುಪಾಸು ಸಾಕಾಗುತ್ತದೆ.

ಓಡಿಸುವ ರೀತಿಯಲ್ಲೂ ಇದೇ ಲೆಕ್ಕ ಕೆಲಸ ಮಾಡುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ಜೋರಾಗಿ ಹೋಗಿ ನಿಲ್ಲುವುದು, ಮತ್ತೆ ಜೋರಾಗಿ ಹೋಗುವುದು ಹಲವರ ಅಭ್ಯಾಸ. ಒಂದು ಗಂಟೆಯಲ್ಲಿ ಅರ್ಧ ಗಂಟೆ 4 ಕಿ.ಮೀ. ವೇಗದಲ್ಲಿ ಓಡಿ ಉಳಿದರ್ಧ ಸುಮ್ಮನೆ ನಿಂತವರೂ, ಇಡೀ ಗಂಟೆ 2 ಕಿ.ಮೀ. ವೇಗದಲ್ಲಿ ಸಾಗಿದವರೂ ತಲುಪುವುದು ಒಂದೇ ದೂರ. ಮೊದಲನೆಯವರ ಖರ್ಚು ಮಾತ್ರ ನಾಲ್ಕರಷ್ಟು. ಗಾಳ ಹಾಕುತ್ತಲೇ ನಿಧಾನವಾಗಿ ದಡದುದ್ದಕ್ಕೂ ಸಾಗುವವರ ಬ್ಯಾಟರಿ ಹೆಚ್ಚು ಹೊತ್ತು ಬರುವುದು ಇದೇ ಕಾರಣಕ್ಕೆ.

ಇಲ್ಲಿ ಮೋಟಾರಿನ ಬಗೆಯೂ ಮುಖ್ಯ. ಐದು ಗೇರ್‌ನಂತೆ ಟಕ್ ಟಕ್ ಎಂದು ತಿರುಗುವ ಅಗ್ಗದ ಮೋಟಾರುಗಳಲ್ಲಿ ವೇಗ ತಗ್ಗಿಸುವ ಕೆಲಸವನ್ನು ರೆಸಿಸ್ಟರ್ ಸುರುಳಿಗಳು ಮಾಡುತ್ತವೆ. ಕಡಿಮೆ ವೇಗದಲ್ಲಿ ಅವು ಶಕ್ತಿಯ ಒಂದು ಪಾಲನ್ನು ಬರೀ ಬಿಸಿಯಾಗಿ ಕಳೆಯುತ್ತವೆ. ನಾಬ್ ಎಲ್ಲೂ ತಡೆಯದೆ ನಯವಾಗಿ ತಿರುಗುವ ಮೋಟಾರುಗಳಲ್ಲಿ ಸಾಮಾನ್ಯವಾಗಿ ಪಲ್ಸ್ ವಿಡ್ತ್ ಮಾಡ್ಯುಲೇಷನ್ ಇರುತ್ತದೆ. ಅದು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸುತ್ತಾ, ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ. ಪೂರ್ತಿ ವೇಗದಲ್ಲಿ ಎರಡೂ ಒಂದೇ, ಏಕೆಂದರೆ ಆಗ ಸುರುಳಿಯೂ ಇಲ್ಲ, ಹಚ್ಚಿ ಆರಿಸುವುದೂ ಇಲ್ಲ. ನಿಧಾನದಲ್ಲಿ ವ್ಯತ್ಯಾಸ ದೊಡ್ಡದು. ನಿಧಾನವಾಗಿಯೇ ಹೆಚ್ಚು ಹೊತ್ತು ಓಡಿಸುವವರು ಹೊಸ ಮೋಟಾರ್ ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು.

ನಾಬ್‌ನ ಮೇಲಿನ ಅಂಕೆಗಳನ್ನು ನಂಬಬೇಡಿ. ಐದಕ್ಕೆ ತಿರುಗಿಸಿದರೆ ಪೂರ್ತಿ ವೇಗದ ಅರ್ಧದಷ್ಟೇ ಆಂಪಿಯರ್ ಎಂದೇನೂ ಇಲ್ಲ. ಡಿ.ಸಿ. ಅಳೆಯಬಲ್ಲ ಒಂದು ಕ್ಲ್ಯಾಂಪ್ ಮೀಟರ್ ತೆಗೆದುಕೊಳ್ಳಿ. ಎ.ಸಿ. ಮಾತ್ರ ಅಳೆಯುವುದು ಇಲ್ಲಿ ಕೆಲಸಕ್ಕೆ ಬಾರದು. ಅದರ ದವಡೆಯನ್ನು ಒಂದೇ ತಂತಿಗೆ ಹಾಕಿ. ಎರಡೂ ತಂತಿಗಳನ್ನು ಒಟ್ಟಿಗೆ ಹಿಡಿದರೆ ಸೊನ್ನೆ ತೋರಿಸುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲಿ, ದೋಣಿಯಲ್ಲಿ ಎಂದಿನ ಭಾರ ಇರುವಾಗ, ನಾಬ್‌ನ ಒಂದೊಂದು ಅಂಕೆಯಲ್ಲೂ ಒಂದು ನಿಮಿಷ ಓಡಿಸಿ ಆಂಪಿಯರ್ ಮತ್ತು ಫೋನಿನ ಜಿಪಿಎಸ್ ತೋರಿಸುವ ವೇಗ ಎರಡನ್ನೂ ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಒಂದು ಕಡೆ ವೇಗ ಅರ್ಧ ಕಿ.ಮೀ. ಕೂಡ ಏರದೆ ಆಂಪಿಯರ್ ಮಾತ್ರ ಹತ್ತು ಹದಿನೈದು ಜಿಗಿದಿರುತ್ತದೆ. ಆ ಜಿಗಿತದ ಕೆಳಗಿನ ಅಂಕೆಯೇ ನಿಮ್ಮ ದೋಣಿಯ ಸಂಚಾರ ವೇಗ. ನಾಬ್‌ನ ಮೇಲೆ ಅಲ್ಲೊಂದು ಗುರುತು ಹಾಕಿಡಿ.

100 ಆಂಪಿಯರ್-ಅವರ್ ಎಂದರೆ ನಿಜಕ್ಕೂ ಎಷ್ಟು

ಬ್ಯಾಟರಿಯ ಮೇಲೆ 100 ಎಎಚ್ (ಆಂಪಿಯರ್-ಅವರ್) ಎಂದು ಬರೆದಿದ್ದರೆ 50 ಆಂಪಿಯರ್‌ನಲ್ಲಿ ಎರಡು ಗಂಟೆ ಬರಬೇಕು ಎಂದು ಲೆಕ್ಕ ಹಾಕುವುದು ಸಹಜ. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅಷ್ಟು ಸಿಗುವುದೇ ಇಲ್ಲ. ಆ 100 ಎಂಬುದು ಸಾಮಾನ್ಯವಾಗಿ 20 ಗಂಟೆಗಳ ದರದಲ್ಲಿ ಅಳೆದ ಸಂಖ್ಯೆ, ಅಂದರೆ ಬರೀ 5 ಆಂಪಿಯರ್‌ನಂತೆ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವುದು. ಜೋರಾಗಿ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆಯಾಗುತ್ತದೆ, ಏಕೆಂದರೆ ಬ್ಯಾಟರಿಯೊಳಗಿನ ಸೀಸದ ತಟ್ಟೆಗಳ ಸಣ್ಣ ರಂಧ್ರಗಳೊಳಗಿನ ಆಸಿಡ್ ಖರ್ಚಾದಷ್ಟು ಬೇಗ ಹೊರಗಿನಿಂದ ಹೊಸ ಆಸಿಡ್ ಒಳಗೆ ಹೋಗಲಾರದು. ಇದನ್ನು 1897ರಲ್ಲಿ ಸೂತ್ರಕ್ಕೆ ಇಳಿಸಿದವರು ಜರ್ಮನಿಯ ವಿಲ್ಹೆಲ್ಮ್ ಪ್ಯೂಕರ್ಟ್. ಆ ಸೂತ್ರದಲ್ಲಿ ಬರುವ ಘಾತ ಸಂಖ್ಯೆ (ಹೆಚ್ಚಿದ್ದಷ್ಟೂ ನಷ್ಟ ಹೆಚ್ಚು) ನೀರು ಹಾಕುವ ಲೆಡ್ ಬ್ಯಾಟರಿಗೆ 1.2ರಿಂದ 1.3, ಎಜಿಎಂಗೆ (ಆಸಿಡನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಸಿಟ್ಟ ಮುಚ್ಚಿದ ಲೆಡ್ ಬ್ಯಾಟರಿ) ಸುಮಾರು 1.1ರಿಂದ 1.15, ಲಿಥಿಯಂಗೆ 1.05ರ ಹತ್ತಿರ.

1.25 ಎಂದು ಹಿಡಿದು ಲೆಕ್ಕ ಮಾಡಿದರೆ 100 ಎಎಚ್ ಬ್ಯಾಟರಿ 50 ಆಂಪಿಯರ್‌ನಲ್ಲಿ ಕೊಡುವುದು ಸುಮಾರು 56 ಎಎಚ್ ಮಾತ್ರ, ಅಂದರೆ ಒಂದು ಗಂಟೆ ಏಳು ನಿಮಿಷ. ಗಂಟೆಗೆ 5.5 ಕಿ.ಮೀ. ಹೋಗುವ ದೋಣಿಯಾದರೆ ಆರು ಕಿ.ಮೀ. ಆಯಿತು. ಅದೇ ಬ್ಯಾಟರಿಯಿಂದ 20 ಆಂಪಿಯರ್ ಎಳೆದರೆ ಮೂರೂವರೆ ಗಂಟೆ ಬರುತ್ತದೆ. ವೇಗ ಶೇ 70ಕ್ಕೆ, ಅಂದರೆ 3.85 ಕಿ.ಮೀ.ಗೆ ಇಳಿದಿದ್ದರೂ ದೂರ ಹದಿಮೂರು ಕಿ.ಮೀ. ದಾಟುತ್ತದೆ. ನಿಧಾನ ಹೋದದ್ದಕ್ಕೆ ಎರಡು ಕಡೆಯಿಂದ ಲಾಭ: ನೀರಿನ ತಡೆ ಕಡಿಮೆಯಾಯಿತು, ಬ್ಯಾಟರಿಯೂ ತನ್ನೊಳಗಿನದನ್ನು ಹೆಚ್ಚು ಬಿಟ್ಟುಕೊಟ್ಟಿತು.

ಇದು ಪೂರ್ತಿ ಖಾಲಿ ಮಾಡುವ ಲೆಕ್ಕ. ಲೆಡ್ ಬ್ಯಾಟರಿ ವರ್ಷಗಟ್ಟಲೆ ಬಾಳಬೇಕಾದರೆ ಅರ್ಧಕ್ಕೇ ನಿಲ್ಲಿಸಬೇಕು. ಅಪರೂಪಕ್ಕೆ ಶೇ 20ರವರೆಗೆ ಇಳಿಸಿದರೆ ಸತ್ತುಹೋಗುವುದಿಲ್ಲ, ಆದರೆ ಪ್ರತಿ ಸಲ ಹಾಗೆ ಮಾಡಿದರೆ ಅದರ ಆಯುಷ್ಯ ಬಹಳ ಬೇಗ ಮುಗಿಯುತ್ತದೆ. ಎಷ್ಟು ಉಳಿದಿದೆ ಎಂದು ವೋಲ್ಟೇಜ್‌ನಿಂದ ತಿಳಿಯಬೇಕಾದರೆ ಮೋಟಾರ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆಯಬೇಕು. 12.6ರಿಂದ 12.7 ವೋಲ್ಟ್ ಇದ್ದರೆ ತುಂಬಿದೆ, 12.2ರ ಹತ್ತಿರ ಅರ್ಧ, 12ಕ್ಕಿಂತ ಕೆಳಗಿದ್ದರೆ ಆಗಲೇ ಮಿತಿ ಮೀರಿದ್ದೀರಿ. ಮೋಟಾರ್ ಓಡುತ್ತಿರುವಾಗ 11.6 ತೋರಿಸಿದರೆ ಗಾಬರಿ ಬೇಡ. ಅದು ಹೊರೆಗೆ ತಗ್ಗಿದ ವೋಲ್ಟೇಜ್, ಖಾಲಿಯಾದ ಗುರುತಲ್ಲ.

ಒಂದೇ 100 ಎಎಚ್ ಬ್ಯಾಟರಿ ಸಾಲದಿದ್ದರೆ ಅಂಥದೇ ಇನ್ನೊಂದನ್ನು ಪ್ಯಾರಲಲ್ ಆಗಿ, ಅಂದರೆ ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಸೇರಿಸಿ ಜೋಡಿಸಬಹುದು. ಆಗ 50 ಆಂಪಿಯರ್ ಹೊರೆ 25, 25 ಎಂದು ಹಂಚಿಹೋಗುತ್ತದೆ. ಮೇಲಿನ ಸೂತ್ರದ ಪ್ರಕಾರ ಓಟದ ಸಮಯ ಎರಡರಷ್ಟಲ್ಲ, 2.4ರಷ್ಟಾಗುತ್ತದೆ. ಎರಡೂ ಒಂದೇ ಕಂಪನಿಯ, ಒಂದೇ ಸಾಮರ್ಥ್ಯದ, ಒಂದೇ ವಯಸ್ಸಿನವಾಗಿರಬೇಕು. ಹಳೆಯದರ ಜೊತೆ ಹೊಸದನ್ನು ಕಟ್ಟಿದರೆ ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ಮೋಟಾರಿಗೆ ಪಾಸಿಟಿವ್ ತಂತಿಯನ್ನು ಒಂದು ಬ್ಯಾಟರಿಯಿಂದ, ನೆಗೆಟಿವ್ ಅನ್ನು ಇನ್ನೊಂದರಿಂದ ತೆಗೆಯಿರಿ. ಎರಡನ್ನೂ ಒಂದರಿಂದಲೇ ತೆಗೆದರೆ ಆ ಬ್ಯಾಟರಿಯೇ ಹೆಚ್ಚು ದುಡಿದು ಬೇಗ ಸವೆಯುತ್ತದೆ. 12 ವೋಲ್ಟ್ ಮೋಟಾರಿಗೆ ಎರಡನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಪಾಸಿಟಿವ್ ಇನ್ನೊಂದರ ನೆಗೆಟಿವ್‌ಗೆ ಸೇರುವಂತೆ, ಕಟ್ಟುವಂತಿಲ್ಲ. 24 ವೋಲ್ಟ್ ಹೋದರೆ ಮೋಟಾರ್ ಸುಟ್ಟುಹೋಗುತ್ತದೆ.

ಕಾರಿನ ಬ್ಯಾಟರಿಯನ್ನು ಈ ಕೆಲಸಕ್ಕೆ ತರಬೇಡಿ. ಎಂಜಿನ್ ಸ್ಟಾರ್ಟ್ ಮಾಡಲು ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಡಲೆಂದು ಅದರಲ್ಲಿ ತೆಳುವಾದ, ಹೆಚ್ಚು ತಟ್ಟೆಗಳಿರುತ್ತವೆ. ಗಂಟೆಗಟ್ಟಲೆ ಖಾಲಿ ಮಾಡಿದರೆ ತಟ್ಟೆಯ ಮೇಲಿನ ಪುಡಿ ಉದುರಿ ತಳ ಸೇರುತ್ತದೆ. ಹೆಚ್ಚು ಖಾಲಿ ಮಾಡಿ ಮತ್ತೆ ತುಂಬಲೆಂದೇ ಮಾಡಿದ, ಡೀಪ್ ಸೈಕಲ್ ಎಂದು ಬರೆದಿರುವುದೇ ಬೇಕು.

ತಂತಿ ಮತ್ತು ಜೋಡಣೆ

50 ಆಂಪಿಯರ್ ಹರಿಯುವಾಗ ಸಣ್ಣ ತಡೆಯೂ ದೊಡ್ಡ ನಷ್ಟ. ಬ್ಯಾಟರಿ ಹಿಂಬದಿಯಲ್ಲಿ, ಮೋಟಾರ್ ದೋಣಿಯ ಮೂತಿಯಲ್ಲಿ ಇದ್ದು ನಡುವೆ 3 ಮೀಟರ್ ಇದೆ ಎಂದುಕೊಳ್ಳಿ. ಹೋಗಿ ಬರುವ ತಂತಿ ಸೇರಿ 6 ಮೀಟರ್. 6 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಇಷ್ಟು ದೂರಕ್ಕೆ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ, ಅಂದರೆ 45 ವ್ಯಾಟ್ ತಂತಿಯನ್ನು ಬಿಸಿಮಾಡಲು ಹೋಯಿತು. 16 ಚದರ ಮಿ.ಮೀ. ತಂತಿಯಲ್ಲಿ ನಷ್ಟ 0.33 ವೋಲ್ಟ್. ಶೇ 3ರ ಒಳಗೆ, ಅಂದರೆ 12 ವೋಲ್ಟ್‌ಗೆ 0.36 ವೋಲ್ಟ್ ಒಳಗೆ ನಷ್ಟ ಇರುವ ಹಾಗೆ ತಂತಿ ಆರಿಸಿಕೊಳ್ಳಿ. ದೋಣಿಗೆ ತವರ ಲೇಪಿಸಿದ ತಾಮ್ರದ ತಂತಿ ಉತ್ತಮ, ತೇವಕ್ಕೆ ಒಳಗೊಳಗೇ ಕಪ್ಪಾಗುವುದಿಲ್ಲ. ತಾಮ್ರ ಲೇಪಿಸಿದ ಅಲ್ಯುಮಿನಿಯಂ ತಂತಿ ನೋಡಲು ಒಂದೇ ತರ ಇದ್ದರೂ ತಡೆ ಹೆಚ್ಚು, ನೀರಿನ ಬಳಿ ಬೇಗ ತುಕ್ಕು ತಿನ್ನುತ್ತದೆ.

ತಂತಿಗಿಂತ ಹೆಚ್ಚು ಕೈಕೊಡುವುದು ಅದರ ತುದಿಗಳು. ಬ್ಯಾಟರಿಗೆ ಮೊಸಳೆ ಕ್ಲಿಪ್ ಕಚ್ಚಿಸುವ ಪದ್ಧತಿಯನ್ನು ಬಿಟ್ಟುಬಿಡಿ. ಅದರ ಹಲ್ಲು ಟರ್ಮಿನಲ್‌ಗೆ ತಾಗುವ ಜಾಗ ಅಂಗೈಯಗಲವೇನಲ್ಲ, ಕೆಲವು ಚುಕ್ಕೆಗಳಷ್ಟೇ. ತಂತಿಯ ತುದಿಗೆ ಸರಿಯಾಗಿ ಕ್ರಿಂಪ್ ಮಾಡಿದ (ಒತ್ತಿ ಬಿಗಿದ) ತಾಮ್ರದ ಲಗ್ ಬಳೆ, ಅದರ ಮೇಲೆ ಬಿಸಿಗೆ ಕುಗ್ಗಿ ಅಂಟುವ ಹೀಟ್ ಶ್ರಿಂಕ್ ಕೊಳವೆ, ಸ್ಪ್ಯಾನರ್‌ನಿಂದ ಬಿಗಿದ ನಟ್ ಇರಲಿ. ಕೈಯಲ್ಲಿ ತಿರುಗಿಸುವ ರೆಕ್ಕೆ ನಟ್ ಅಲೆಯ ಕುಲುಕಿಗೆ ಸಡಿಲವಾಗುತ್ತದೆ. ಪಾಸಿಟಿವ್ ತಂತಿಯ ಮೇಲೆ, ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿ, ಸರ್ಕ್ಯೂಟ್ ಬ್ರೇಕರ್ ಇರಲೇಬೇಕು. 50 ಆಂಪಿಯರ್ ಎಳೆಯುವ ಮೋಟಾರಿಗೆ 60 ಆಂಪಿಯರ್‌ನದು. ಪ್ರೊಪೆಲ್ಲರ್ ಕಳೆಗೆ ಸಿಕ್ಕಿ ಮೋಟಾರ್ ತಿರುಗದೆ ನಿಂತಾಗ ತಂತಿಗೆ ಬೆಂಕಿ ಹತ್ತದಂತೆ ತಡೆಯುವುದು ಇದೇ.

ಜೋಡಣೆ ಕೆಟ್ಟಿದೆಯೇ ಎಂದು ಕಂಡುಹಿಡಿಯುವ ಕೆಲಸಕ್ಕೆ ಸಾದಾ ಮಲ್ಟಿಮೀಟರ್ ಸಾಕು, ಇಬ್ಬರಿದ್ದರೆ ಐದು ನಿಮಿಷದ ಕೆಲಸ. ದೋಣಿಯನ್ನು ದಡಕ್ಕೆ ಕಟ್ಟಿ, ಮೋಟಾರನ್ನು ನೀರಿನಲ್ಲೇ ಇಟ್ಟು, ಒಬ್ಬರು ಪೂರ್ತಿ ವೇಗಕ್ಕೆ ತಿರುಗಿಸಲಿ. ಇನ್ನೊಬ್ಬರು ಮೀಟರನ್ನು ಡಿ.ಸಿ. ವೋಲ್ಟ್‌ಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆಯೇ, ಅಂದರೆ ನಟ್ ಮೇಲಲ್ಲ, ಸೀಸದ ಮೇಲೆ, ಒತ್ತಿಹಿಡಿಯಬೇಕು. ಇನ್ನೊಂದು ಮೊನೆಯನ್ನು ಅದೇ ಕಂಬಕ್ಕೆ ಬಿಗಿದ ಲಗ್ ಮೇಲೆ. ಅಲ್ಲಿ 0.05 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಆ ಜೋಡಣೆಯಲ್ಲಿ ಕೊಳೆಯಿದೆ ಅಥವಾ ಸಡಿಲವಿದೆ. ಆಮೇಲೆ ಬ್ರೇಕರ್‌ನ ಎರಡು ಬದಿ, ಪ್ಲಗ್‌ನ ಎರಡು ಬದಿ, ಕೊನೆಗೆ ನೆಗೆಟಿವ್ ಕಡೆಯಲ್ಲೂ ಹೀಗೇ ಒಂದೊಂದಾಗಿ ನೋಡುತ್ತಾ ಹೋಗಿ. 50 ಆಂಪಿಯರ್‌ನಲ್ಲಿ ಅರ್ಧ ವೋಲ್ಟ್ ಬಿದ್ದ ಜೋಡಣೆ 25 ವ್ಯಾಟ್ ಬಿಸಿ ಹುಟ್ಟಿಸುತ್ತದೆ, ಅದು ಒಂದು ಸೋಲ್ಡರಿಂಗ್ ಐರನ್ನಿನ ಕಾವು. ಪ್ಲಗ್‌ಗಳು ಕರಗುವುದು ಹೀಗೆ. ಕೆಟ್ಟದ್ದನ್ನು ಬಿಚ್ಚಿ, ತಂತಿ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ.

ನೀರಿನ ಕೆಳಗಿನ ಸಂಗತಿ

ಪ್ರೊಪೆಲ್ಲರ್ ನಟ್ ಬಿಚ್ಚಿ ಹಿಂದೆ ನೋಡುವ ಅಭ್ಯಾಸ ಬಹಳ ಕಡಿಮೆ ಜನಕ್ಕಿದೆ. ಅಲ್ಲಿ ಸಿಗುವುದು ಹೆಚ್ಚಾಗಿ ಗಾಳದ ದಾರ, ತೆಳ್ಳಗೆ ಸುತ್ತಿಕೊಂಡು ಶಾಫ್ಟಿನ ಬುಡಕ್ಕೆ ಒತ್ತಿ ಕೂತಿರುತ್ತದೆ. ಮೊದಲು ಅದು ತಿರುಗುವಿಕೆಗೆ ತಡೆಯೊಡ್ಡಿ ಆಂಪಿಯರ್ ಏರಿಸುತ್ತದೆ. ಆಮೇಲೆ ರಬ್ಬರ್ ಸೀಲನ್ನು ಕೊಯ್ಯುತ್ತದೆ. ಸೀಲ್ ಹೋದರೆ ನೀರು ಮೋಟಾರಿನ ಒಳಗೆ, ಅಲ್ಲಿಗೆ ಕಥೆ ಮುಗಿಯಿತು. ಬ್ಯಾಟರಿಯ ತಂತಿ ಕಳಚಿಟ್ಟೇ ಈ ಕೆಲಸ ಮಾಡಿ. ನಟ್ ಬಿಚ್ಚಿ, ಪ್ರೊಪೆಲ್ಲರ್ ಎಳೆದು, ಅಡ್ಡಪಿನ್ ಬೀಳದಂತೆ ಕೈಯಲ್ಲಿ ಹಿಡಿದು, ದಾರವನ್ನು ಬೆರಳಿಂದ ಬಿಡಿಸಿ ತೆಗೆಯಿರಿ. ಚಾಕು ಹಾಕಿದರೆ ಸೀಲಿಗೇ ತಾಗುತ್ತದೆ. ಅಡ್ಡಪಿನ್ ಬಾಗಿದ್ದರೆ ಬದಲಿಸಿ. ರೆಕ್ಕೆಯ ಅಂಚಿನಲ್ಲಿ ಸಣ್ಣ ಕಚ್ಚುಗಳಿದ್ದರೆ ನಯವಾದ ಮರಳು ಕಾಗದದಿಂದ ಉಜ್ಜಬಹುದು. ತುಂಡು ಹಾರಿದ ರೆಕ್ಕೆಯಿಂದ ಇಡೀ ಮೋಟಾರ್ ನಡುಗುತ್ತದೆ, ಅಂಥದನ್ನು ಇಟ್ಟುಕೊಳ್ಳಬೇಡಿ.

ರೆಕ್ಕೆಯ ತುದಿ ನೀರಿನ ಮಟ್ಟದಿಂದ ಕನಿಷ್ಠ 30 ಸೆಂ.ಮೀ. ಕೆಳಗಿರಲಿ. ಮೇಲಿದ್ದರೆ ಗಾಳಿಯನ್ನು ಎಳೆದುಕೊಂಡು ಬರೀ ನೊರೆ ಎಬ್ಬಿಸುತ್ತದೆ, ದೋಣಿ ಮುಂದೆ ಹೋಗದೆ ಬ್ಯಾಟರಿ ಮಾತ್ರ ಇಳಿಯುತ್ತದೆ. ಅಲೆ ಇರುವ ದಿನ ಇನ್ನೂ ಆಳಕ್ಕೆ ಬಿಡಿ. ಕಳೆ ಸುತ್ತಿಕೊಂಡಾಗ ವೇಗ ಹೆಚ್ಚಿಸುವುದು ತಪ್ಪು. ನಾಬ್ ಇಳಿಸಿ, ಒಂದೆರಡು ಸೆಕೆಂಡು ರಿವರ್ಸ್ ತಿರುಗಿಸಿದರೆ ಹೆಚ್ಚಿನ ಸಲ ಬಿಟ್ಟುಹೋಗುತ್ತದೆ. ಹೋಗದಿದ್ದರೆ ಮೋಟಾರ್ ಎತ್ತಿ ಕೈಯಿಂದ ತೆಗೆಯಿರಿ.

ದೋಣಿಯ ತಳದಲ್ಲಿ ಪಾಚಿ ಇರಬಾರದು, ಒಳಗೆ ನಿಂತ ನೀರಿರಬಾರದು, ಭಾರ ಒಂದೇ ಕಡೆ ಇರಬಾರದು. ಹಿಂಬದಿ ಮುಳುಗಿ ಮೂತಿ ಎದ್ದ ದೋಣಿ ನೀರನ್ನು ಎಳೆದುಕೊಂಡು ಹೋಗುತ್ತದೆ, ಗಾಳಿಗೂ ಬೇಗ ತಿರುಗುತ್ತದೆ.

ಗಾಳಿ

ನಿಜವಾಗಿ ಬ್ಯಾಟರಿ ಮುಗಿಸುವುದು ಗಾಳಿಯೇ. ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ಮರಳುವಾಗ ಅದು ಬೆನ್ನಿಗಿರಲಿ. ಬ್ಯಾಟರಿ ಸೋತರೂ ಮನೆಯ ಕಡೆಗೇ ತೇಲುತ್ತೀರಿ. ಎದುರುಗಾಳಿಯಲ್ಲಿ ದಡದ ಆಶ್ರಯ ಹಿಡಿದು ಹೋದರೆ ದೂರ ಹೆಚ್ಚಾದರೂ ಖರ್ಚು ಕಡಿಮೆ. ಮೀನು ಹಿಡಿಯುವ ಜಾಗಕ್ಕೆ ಬಂದ ಮೇಲೆ ಮೋಟಾರಿನಿಂದ ದೋಣಿಯನ್ನು ಒಂದೇ ಕಡೆ ನಿಲ್ಲಿಸಿಕೊಳ್ಳುವುದು ಸಲೀಸು ಎನಿಸುತ್ತದೆ, ಜಿಪಿಎಸ್ ನೋಡಿಕೊಂಡು ತಾನೇ ಜಾಗ ಹಿಡಿದು ನಿಲ್ಲುವ ಮೋಟಾರುಗಳಂತೂ ಈಗ ಬಹಳ ಜನಪ್ರಿಯ. ಗಾಳಿ ಜೋರಿದ್ದರೆ ಆ ಸೌಲಭ್ಯ ಎಡೆಬಿಡದೆ ಮೋಟಾರ್ ತಿರುಗಿಸುತ್ತಲೇ ಇರುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲುವುದಾದರೆ ಲಂಗರು ಹಾಕಿ. ನೀರು ಆಳವಿಲ್ಲದ ಕಡೆ ಒಂದು ಗಟ್ಟಿ ಕೋಲು ಊರಿ ಕಟ್ಟಿದರೂ ಸಾಕು. ಗಾಳಿಯ ಜೊತೆ ತೇಲುತ್ತಾ ಗಾಳ ಹಾಕಬೇಕೆಂದರೆ ನೀರಿನಲ್ಲಿ ಎಳೆಯುವ ಬಟ್ಟೆಯ ಡ್ರಿಫ್ಟ್ ಸಾಕ್ ಬಳಸಿ. ದೋಣಿ ನಿಧಾನವಾಗುತ್ತದೆ, ಮೋಟಾರಿಗೆ ದಿಕ್ಕು ತಿದ್ದುವ ಕೆಲಸ ಮಾತ್ರ ಉಳಿಯುತ್ತದೆ.

ಚಾರ್ಜಿಂಗ್

ಲೆಡ್ ಬ್ಯಾಟರಿಯನ್ನು ಕೊಲ್ಲುವುದು ಹೆಚ್ಚಾಗಿ ನೀರಿನ ಮೇಲಿನ ಬಳಕೆಯಲ್ಲ, ದಡಕ್ಕೆ ಬಂದ ಮೇಲಿನ ಅಸಡ್ಡೆ. ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ತಟ್ಟೆಯ ಮೇಲಿನ ಮೃದು ಸೀಸದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಗಟ್ಟಿಯಾದ ಹರಳು ಮತ್ತೆ ಚಾರ್ಜ್ ಆಗುವುದಿಲ್ಲ, ಆ ಮಟ್ಟಿಗೆ ಬ್ಯಾಟರಿಯ ಸಾಮರ್ಥ್ಯ ಖಾಯಂ ಆಗಿ ಹೋದಂತೆ. ಅದೇ ದಿನ ಸಂಜೆ ಚಾರ್ಜರ್ ಹಚ್ಚಿ. 100 ಎಎಚ್‌ಗೆ 10ರಿಂದ 20 ಆಂಪಿಯರ್‌ನ, ಹಂತ ಹಂತವಾಗಿ ಚಾರ್ಜ್ ಮಾಡುವ ಚಾರ್ಜರ್ ಸರಿ. ಮೊದಲ ಶೇ 80 ಬೇಗ ತುಂಬುತ್ತದೆ, ಕೊನೆಯ ಶೇ 20ಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅವಸರಕ್ಕೆ ಪ್ರತಿ ಸಲ ಆ ಕೊನೆಯ ಭಾಗ ಬಿಟ್ಟುಬಿಡುವವರ ಬ್ಯಾಟರಿ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಾ ಬರುತ್ತದೆ. ನೀರು ಹಾಕುವ ಬ್ಯಾಟರಿಯಲ್ಲಿ ಡಿಸ್ಟಿಲ್ಡ್ ವಾಟರ್ ತುಂಬುವುದು ಚಾರ್ಜ್ ಆದ ಮೇಲೆ. ಚಾರ್ಜ್‌ಗೆ ಮುಂಚೆ ತಟ್ಟೆ ಮುಚ್ಚುವಷ್ಟು ಇದ್ದರೆ ಸಾಕು, ಹೆಚ್ಚು ಹಾಕಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಚೆಲ್ಲುತ್ತದೆ. ಆಗ ಹೈಡ್ರೋಜನ್ ಅನಿಲವೂ ಹೊರಡುವುದರಿಂದ ಗಾಳಿಯಾಡುವ ಜಾಗದಲ್ಲಿ ಇಟ್ಟು, ಕಿಡಿ ದೂರವಿಡಿ. ಆಸಿಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಪೂರ್ತಿ ಚಾರ್ಜ್ ಆದ ಮೇಲೆ ಆರೂ ಸೆಲ್ ನೋಡಿ. 1.265ರಿಂದ 1.280ರ ನಡುವೆ ಇರಬೇಕು. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.050 ಕೆಳಗಿದ್ದರೆ ಆ ಬ್ಯಾಟರಿಯ ಮೇಲೆ ಇನ್ನು ಭರವಸೆ ಇಡುವಂತಿಲ್ಲ.

ಲಿಥಿಯಂಗೆ ಹೋಗಬೇಕೆ

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. 100 ಎಎಚ್‌ನದು 11ರಿಂದ 13 ಕೆ.ಜಿ. ತೂಗುತ್ತದೆ, ಅಷ್ಟೇ ಸಾಮರ್ಥ್ಯದ ಲೆಡ್ 27ರಿಂದ 30 ಕೆ.ಜಿ. ಶೇ 80ರಷ್ಟು ಬಳಸಿದರೂ ಅದಕ್ಕೆ ತೊಂದರೆಯಿಲ್ಲ, ಜೋರಾಗಿ ಎಳೆದರೂ ಸಾಮರ್ಥ್ಯ ಕುಗ್ಗುವುದು ಅತ್ಯಲ್ಪ. ವಾರಕ್ಕೊಮ್ಮೆಯಾದರೂ ನೀರಿಗಿಳಿಯುವವರಿಗೆ ಇದೇ ಲಾಭ. ವರ್ಷಕ್ಕೆ ನಾಲ್ಕಾರು ಸಲ ಹೋಗುವವರಿಗೆ ಒಳ್ಳೆಯ ಡೀಪ್ ಸೈಕಲ್ ಲೆಡ್ ಸಾಕು.

ಕೊಳ್ಳುವ ಮುಂಚೆ ಕೆಲವು ಸಂಗತಿ ತಿಳಿದಿರಲಿ. ಒಳಗಿನ ನಿಯಂತ್ರಣ ಸರ್ಕ್ಯೂಟ್, ಅಂದರೆ ಬಿಎಂಎಸ್, ನಿಮ್ಮ ಮೋಟಾರ್ ಎಳೆಯುವುದಕ್ಕಿಂತ ಸಾಕಷ್ಟು ಹೆಚ್ಚಿನ ಆಂಪಿಯರ್ ಸತತವಾಗಿ ಕೊಡಬಲ್ಲದ್ದಾಗಿರಬೇಕು. 50 ಆಂಪಿಯರ್ ಮೋಟಾರಿಗೆ 100 ಆಂಪಿಯರ್‌ನ ಬಿಎಂಎಸ್ ನೆಮ್ಮದಿ. ಚಾರ್ಜರ್ ಲಿಥಿಯಂಗೆಂದೇ ಮಾಡಿದ್ದಿರಲಿ, ತುಂಬುವ ವೋಲ್ಟೇಜ್ 14.2ರಿಂದ 14.6. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡುವಂತಿಲ್ಲ. ಇದರ ವೋಲ್ಟೇಜ್ ಹೆಚ್ಚುಕಡಿಮೆ ಕೊನೆಯವರೆಗೂ ಒಂದೇ ಸಮ ಇರುವುದರಿಂದ ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಒಳಹೋದ, ಹೊರಬಂದ ಆಂಪಿಯರ್ ಎಣಿಸುವ ಶಂಟ್ ಮೀಟರ್ ಹಾಕಿಸಿ. ಲೆಡ್‌ಗಿಂತ ವೋಲ್ಟೇಜ್ ಹೆಚ್ಚಿರುವುದರಿಂದ ಪೂರ್ತಿ ವೇಗದಲ್ಲಿ ಮೋಟಾರ್ ಹೆಚ್ಚು ಬಿಸಿಯಾಗಬಹುದು. ಮೋಟಾರಿನ ಕೈಪಿಡಿಯಲ್ಲಿ ಲಿಥಿಯಂ ಬಗ್ಗೆ ಏನು ಬರೆದಿದ್ದಾರೆ ಎಂದು ಓದಿಯೇ ಜೋಡಿಸಿ.

ನೀರಿನೊಳಗಿನ ಮೀನನ್ನು ಪರದೆಯ ಮೇಲೆ ತೋರಿಸುವ ಫಿಶ್ ಫೈಂಡರ್‌ಗೆ ಬೇರೆಯೇ ಸಣ್ಣ ಬ್ಯಾಟರಿ ಕೊಡಿ. ಅದು ಎಳೆಯುವುದು ಒಂದೆರಡು ಆಂಪಿಯರ್ ಮಾತ್ರ, ಆದರೆ ಮೋಟಾರ್ ಜೋರಾದಾಗ ವೋಲ್ಟೇಜ್ ಕುಸಿದು ಅದರ ಪರದೆ ಆರಿಹೋಗುತ್ತದೆ, ಮೋಟಾರಿನ ವಿದ್ಯುತ್ ಗದ್ದಲವೂ ಚಿತ್ರದಲ್ಲಿ ಗೆರೆಗಳಾಗಿ ಕಾಣುತ್ತದೆ. 100 ವ್ಯಾಟ್‌ನ ಸೋಲಾರ್ ಫಲಕ ಒಳ್ಳೆಯ ಬಿಸಿಲಿನಲ್ಲಿ ಸುಮಾರು 5 ಆಂಪಿಯರ್ ಕೊಡುತ್ತದೆ. ದಿನಕ್ಕೆ 20ರಿಂದ 25 ಎಎಚ್ ಸೇರಿದರೂ ದೊಡ್ಡ ನೆರವೇ, ನಡುವೆ ಚಾರ್ಜ್ ಕಂಟ್ರೋಲರ್ ಇರಬೇಕಷ್ಟೆ.

ನೀರಿನ ನಡುವೆ ಬ್ಯಾಟರಿ ಸೋತಾಗ

ಲೆಡ್ ಬ್ಯಾಟರಿ ಸೋಲುವಾಗ ಮುನ್ಸೂಚನೆ ಕೊಡುತ್ತದೆ, ಮೋಟಾರಿನ ಸದ್ದು ಇಳಿಯುತ್ತದೆ, ವೇಗ ಕುಗ್ಗುತ್ತದೆ. ಆಗ ನಾಬ್ ಏರಿಸಬೇಡಿ. ಮೋಟಾರ್ ಆರಿಸಿ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಅಷ್ಟರಲ್ಲಿ ಆಸಿಡ್ ತಟ್ಟೆಯ ಒಳಕ್ಕೆ ಇಳಿದು ಬ್ಯಾಟರಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಆಮೇಲೆ ನಾಬ್ ಅನ್ನು ಎರಡು ಮೂರರಲ್ಲಿಟ್ಟು ಹತ್ತಿರದ ದಡದ ಕಡೆ ತಿರುಗಿಸಿ. ಜೋರು ಎಳೆತಕ್ಕೆ ಖಾಲಿ ಎನಿಸಿದ ಬ್ಯಾಟರಿ ಹತ್ತು ಆಂಪಿಯರ್‌ಗೆ ಇನ್ನೂ ಸಾಕಷ್ಟು ದೂರ ಬರುತ್ತದೆ. ಲಿಥಿಯಂ ಹಾಗಲ್ಲ, ಪೂರ್ತಿ ಬಲದಿಂದ ಓಡುತ್ತಿದ್ದುದು ಬಿಎಂಎಸ್ ಕಡಿದ ಕ್ಷಣಕ್ಕೆ ಒಮ್ಮೆಗೇ ನಿಂತುಬಿಡುತ್ತದೆ. ಹೆಚ್ಚು ಆಂಪಿಯರ್ ಅಥವಾ ಬಿಸಿಯ ಕಾರಣಕ್ಕೆ ಕಡಿದಿದ್ದರೆ ಮೋಟಾರ್ ತಂತಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜೋಡಿಸಿದಾಗ ಹೆಚ್ಚಾಗಿ ಮರಳುತ್ತದೆ. ಚಾರ್ಜ್ ಮುಗಿದೇ ಕಡಿದಿದ್ದರೆ ಮರಳುವುದಿಲ್ಲ. ಎರಡು ಹುಟ್ಟುಗಳನ್ನು ದೋಣಿಯಲ್ಲಿ ಯಾವಾಗಲೂ ಇಟ್ಟಿರಿ, ಲಿಥಿಯಂ ಆದರೆ ಮೀಟರ್ ಶೇ 40 ತೋರಿಸಿದಾಗಲೇ, ಲೆಡ್ ಆದರೆ ಅರ್ಧಕ್ಕೆ ಇಳಿಯುವ ಮುಂಚೆಯೇ ಹಿಂದಿರುಗಲು ಹೊರಡಿ. ಎದುರುಗಾಳಿ ಎದ್ದ ದಿನ ಅದಕ್ಕೂ ಮುಂಚೆ.